ಹೆಳವರ ಹೊತ್ತಿಗೆಯೂ ದೇವಳಿಯ ತಾಮ್ರಪಟವೂ

ನಮ್ಮ ಮನೆತನದ ಹಿರಿಯರೊಬ್ಬರು 1858ರ ನರಗುಂದದ ಬಂಡಾಯದಲ್ಲಿ ಬಾಬಾಸಾಹೇಬರ ಕಡೆ ನಿಂತು ಕಾದಿದರೆಂಬ ಸಂಗತಿಯನ್ನು ನಮ್ಮ ತೀರ್ಥರೂಪರು ಇದೇ ಸಂಘದ ರಾಜ್ಯೋತ್ಸವದ ವೇದಿಕೆಯಿಂದ ಎರಡು ಸಲ ಹೇಳಿದ್ದುಂಟು. ಕೇಳಿದವರಲ್ಲಿ ಅನೇಕರು ಅದನ್ನು ಇನ್ನೂ ನೆನಪಿಟ್ಟಿದ್ದಾರೆ. ಮನೀಶ್ ನಗರದ ತರಕಾರಿ ಅಂಗಡಿಯ ಮುಂದೆ ಸಿಕ್ಕಾಗ ನಮ್ಮನ್ನು “ನರಗುಂದದವರು” ಎಂದೇ ಕರೆಯುವ ಮಿತ್ರರೂ ಇದ್ದಾರೆ. ಆ ಮಾತು ನಿಜವಲ್ಲವೆಂದು ಈಗ ತಿಳಿದುಬಂದಿದೆ. ನಾವು ಬ್ಯಾಂಕಿನ ಗುಮಾಸ್ತರು. ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸುವಂತಿಲ್ಲ. ಓದಲು ಬರುವಂತೆ ಅಡ್ಡಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಸಹಿ ಹಾಕಬೇಕೆಂಬುದು ಹಳೆಯ ಪದ್ಧತಿ. ತೀರ್ಥರೂಪರ ಒಪ್ಪಿಗೆ ಪಡೆದು ಅದೇ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇವೆ.

ಕಳೆದ ಸುಗ್ಗಿಯ ಕಾಲಕ್ಕೆ ಮದುವೆಯ ನಿಮಿತ್ತ ಬಾದಾಮಿ ತಾಲೂಕಿನ ನಮ್ಮ ಊರಿಗೆ ಹೋಗಿದ್ದೆವು. ಅಲ್ಲಿಗೆ ಹೆಳವರು ಬಂದಿದ್ದರು. ನಾಗಪುರದಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಹೆಸರು ಹೊಸದು. ಆದುದರಿಂದ ನಾಲ್ಕು ಮಾತು. ಹೆಳವನೆಂದರೆ ಕಾಲಿಲ್ಲದವನು. ಹಿಂದಿನ ಕಾಲದಲ್ಲಿ ಇವರು ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬರುವುದೇ ಇವರ ಕುಲವೃತ್ತಿ. ಯಾವ ಹೆಳವನಿಗೆ ಯಾವ ಊರು, ಯಾವ ಮನೆ ಎಂಬುದು ತಲೆಮಾರುಗಳಿಂದ ಗೊತ್ತುಪಡಿಸಿದ ಹಂಚಿಕೆ. ಕೆಲವು ವರ್ಷಗಳಿಗೊಮ್ಮೆ ಬಂದು, ಹಳೆಯ ಹೆಸರುಗಳನ್ನು ರಾಗವಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು, ಬಟ್ಟೆ, ಅನುಕೂಲವಿದ್ದ ಮನೆಯಲ್ಲಿ ಆಕಳನ್ನೂ ಪಡೆದು ಹೋಗುತ್ತಾರೆ. ಆಸ್ತಿಯ ಪಾಲಿನ ತಕರಾರಿನಲ್ಲಿಯೂ ಇವರ ಹೊತ್ತಿಗೆಯನ್ನು ಬಿಚ್ಚಿಸುವುದುಂಟು. ನಮ್ಮ ಮನೆಯ ಹೆಳವ ಬಂದದ್ದು ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ಹೊತ್ತಿಗೆ ಮಾತ್ರ ಕೆಂಪು ಅರಿವೆಯಲ್ಲಿ ಸುತ್ತಿದ್ದಿತು.

ಓದುತ್ತ ಓದುತ್ತ ಆತ ನಮ್ಮ ಅಜ್ಜನ ಮುತ್ತಜ್ಜನ ಹೆಸರಿಗೆ ಬಂದ. ತೀರ್ಥರೂಪರು ಶಲ್ಯ ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. ಬಂದ ಮಾತು ಇಷ್ಟು: ಕಾಳಯುಕ್ತಿ ಸಂವತ್ಸರದಲ್ಲಿ ತಮ್ಮನ ಎರಡು ಎತ್ತು ಮಾರಿಕೊಂಡು, ದೊಡ್ಡಾಟದ ಮೇಳದ ಬೆನ್ನು ಹತ್ತಿ ಊರು ಬಿಟ್ಟ, ಹೆಣ್ಣುವೇಷ ಕಟ್ಟುತ್ತಿದ್ದ, ಹೊಳೆಯಾಚೆಯ ಊರಲ್ಲಿ ಇನ್ನೊಂದು ಮನೆ ಮಾಡಿದ, ಅಲ್ಲಿ ಇಬ್ಬರು ಗಂಡುಮಕ್ಕಳು. ಇಲ್ಲಿ ಬಿಟ್ಟುಹೋದ ಮಗನನ್ನು ಸಾಕಿ ಮದುವೆ ಮಾಡಿದವನು ಎತ್ತು ಕಳೆದುಕೊಂಡ ಆ ತಮ್ಮನೇ.

ಕಾಳಯುಕ್ತಿಯೆಂದರೆ 1858. ಆ ವರ್ಷದ ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಕಡೆಯವರು ಆಂಗ್ಲ ಅಧಿಕಾರಿ ಮ್ಯಾನ್‌ಸನ್ನನನ್ನು ಕೊಂದರು; ತರುವಾಯ ನರಗುಂದದ ಕೋಟೆ ಬಿದ್ದಿತು. ಅದೇ ವರ್ಷ ಮನೆಯ ಗಂಡಸೊಬ್ಬ ಕಾಣೆಯಾದರೆ, ಆತನ ಹೆಂಡತಿ ಎಳೆಯ ಮಗನಿಗೆ ಏನು ಹೇಳಿಯಾಳು? ಸುಳ್ಳಿನ ಮೂಲ ನಮಗೆ ಅಲ್ಲಿಯೇ ಕಾಣುತ್ತದೆ. ಆ ತಾಯಿಯನ್ನು ದೂರಲು ಮನಸ್ಸು ಬಾರದು. ಆಕೆಯ ಹೆಸರು ಹೊತ್ತಿಗೆಯಲ್ಲಿ ಇಲ್ಲ.

ತೀರ್ಥರೂಪರು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ನಾಗಪುರಕ್ಕೆ ಮರಳಿದ ಮೇಲೆ ಅವರ ಸಮಾಧಾನಕ್ಕೆಂದೇ ನಾವು ರಾಜಮಹಾರಾಜರ ವಂಶಾವಳಿಗಳನ್ನು ಓದತೊಡಗಿದೆವು. ಆಗ ಕೈಗೆ ಬಂದದ್ದು ನಮ್ಮ ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನ. ಶಕ 862, ಅಂದರೆ ಕ್ರಿ.ಶ. 940ರದು; ಬರೆಯಿಸಿದವನು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ನಾಗಪುರ-ನಂದಿವರ್ಧನವೆಂಬ ನಾಡಿನ ಒಂದು ಹಳ್ಳಿಯನ್ನು ದಾನಕೊಟ್ಟ ಪತ್ರ ಅದು. ನಮ್ಮ ಈ ಊರಿನ ಹೆಸರು ಕನ್ನಡ ನಾಡಿನ ಅರಸನ ಶಾಸನದಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಾಣಿಸಿಕೊಂಡಿದೆಯೆಂದರೆ ಯಾರಿಗೆ ಸಂತೋಷವಾಗದು? ಸೀತಾಬರ್ಡಿಯ ಕಂಬದ ಶಾಸನವೂ ಇದೆ. ಆರನೆಯ ವಿಕ್ರಮಾದಿತ್ಯನ ಕಾಲದ್ದು, ಶಕ 1008ರದು. ಲತಲೌರದಿಂದ ಹೊರಟುಬಂದ ರಾಷ್ಟ್ರಕೂಟ ಮನೆತನದ ಸಾಮಂತನೊಬ್ಬನ ಹೆಸರು ಅದರಲ್ಲಿದೆ. ದಕ್ಷಿಣದಿಂದ ಇತ್ತ ಬಂದು ನೆಲೆಸಿದವರಲ್ಲಿ ನಾವೇನೂ ಮೊದಲಿಗರಲ್ಲ. ಇರಲಿ.

ದೇವಳಿಯ ಪಟ ಚಂದ್ರನಿಂದಲೇ ವಂಶವನ್ನು ಆರಂಭಿಸಿ ಒಬ್ಬೊಬ್ಬ ಅರಸನನ್ನೂ ಹೊಗಳುತ್ತ ಬರುತ್ತದೆ. ಆದರೆ ನಾಲ್ಕನೆಯ ಗೋವಿಂದನ ಬಳಿಗೆ ಬಂದೊಡನೆ ರಾಗ ಬದಲಾಗುತ್ತದೆ. ಹೆಂಗಳೆಯರ ಕಣ್ಣೆಂಬ ಪಾಶಕ್ಕೆ ಬುದ್ಧಿಯನ್ನು ಕೊಟ್ಟು, ತಪ್ಪುದಾರಿ ಹಿಡಿದು, ಎಲ್ಲರಿಗೂ ಬೇಡವಾಗಿ ಆತ ಹಾಳಾದನೆಂದು ಅರಸುಮನೆಯ ಶಾಸನವೇ ಹೇಳುತ್ತದೆ. ಇದನ್ನು ಓದಿ ಹೇಳಿದಾಗ ತೀರ್ಥರೂಪರ ಮುಖ ಅರಳಿತು. “ಚಕ್ರವರ್ತಿಗಳ ಮನ್ಯಾಗೂ ಇದ್ದದ್ದ!” ಎಂದರು.

ಆದರೆ ಗುಮಾಸ್ತನ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ಈ ನಮೂದನ್ನು ಬರೆಯಿಸಿದವರು ಯಾರು? ಗೋವಿಂದನನ್ನು ಇಳಿಸಿದ ಮೇಲೆ ಪಟ್ಟ ಸಿಕ್ಕಿದ್ದು ಬದ್ದೆಗನಿಗೆ. ಬದ್ದೆಗನ ಮಗನೇ ಮೂರನೆಯ ಕೃಷ್ಣ. ಗೋವಿಂದನನ್ನು ಸೋಲಿಸಿ ಬದ್ದೆಗನಿಗೆ ರಾಜ್ಯ ಕೊಡಿಸಿದ ಹಿರಿಮೆಯನ್ನು ಪಂಪನು ತನ್ನ ಒಡೆಯ ಅರಿಕೇಸರಿಗೆ ಸಲ್ಲಿಸುತ್ತಾನೆ. ಆ ಕಾವ್ಯ 941ರದು, ತಾಮ್ರಪಟದ ಮರುವರ್ಷದ್ದು. ಎರಡೂ ಗೆದ್ದವರ ಕಡೆಯ ಬರಹಗಳೇ. ಗೋವಿಂದನ ಮಾತನ್ನು ಕೇಳಿ ಬರೆದುಕೊಂಡ ಹೆಳವ ಯಾರೂ ಇರಲಿಲ್ಲ.

ಇದನ್ನು ಹೇಳಿದ್ದೇ ತಡ, ತೀರ್ಥರೂಪರು ವಕೀಲರಾದರು. ಎತ್ತು ಮಾರಿದ ಸಂಗತಿಯನ್ನು ಹೆಳವನಿಗೆ ಬರೆಯಿಸಿದವನು ಆ ತಮ್ಮನೇ ಅಲ್ಲವೇ? ಆ ಎತ್ತು ಅಣ್ಣನವೇ ಇದ್ದಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಎತ್ತಿನ ವಿಷಯವನ್ನು ನಾವು ತೀರ್ಮಾನವಾಗದ ಬಾಕಿಯೆಂದು ಇಟ್ಟಿದ್ದೇವೆ. ಆದರೆ ಅಣ್ಣನ ಮಗನನ್ನು ಸಾಕಿದವನು ಆ ತಮ್ಮನೆಂಬುದನ್ನು ಅವರೂ ಅಲ್ಲಗಳೆಯುತ್ತಿಲ್ಲ. ಆತನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾವು ಅದುವರೆಗೆ ಕೇಳಿಯೇ ಇರಲಿಲ್ಲ.

ಊರಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳುವುದು ಉಳಿಯಿತು. ಹೊತ್ತಿಗೆ ಕಟ್ಟುವ ಮೊದಲು ಹೆಳವ ತೀರ್ಥರೂಪರತ್ತ ತಿರುಗಿ, “ಯಜಮಾನ್ರ, ನಿಮ್ಮ ಅಪ್ಪಾರ ಮುಂದ ಹಾಳಿ ಖಾಲಿ ಐತ್ರಿ. ಮೂರು ಸಲ ಬಂದು ಹೋಗೇನಿ, ಬಾಗಲಕ್ಕ ಕೀಲಿ” ಎಂದ. ನಮ್ಮ ಹೆಸರುಗಳನ್ನು ಹೇಳಿದೆವು. ನಮಗಿರುವವಳು ಒಬ್ಬಳೇ ಮಗಳು; ಅವಳ ಹೆಸರು ಹೇಳಿದಾಗ ಆತ ಲೇಖಣಿ ತಡೆದ. ಹೆಣ್ಣುಮಕ್ಕಳನ್ನು ಗಂಡನ ಮನೆಯ ಹೊತ್ತಿಗೆಗೆ ಬಿಡುವ ವಾಡಿಕೆಯೆಂದ. ಬರೆಯಲೇಬೇಕೆಂದೆವು. ಸ್ವಲ್ಪ ಯೋಚಿಸಿ ಬರೆದ. ಅದರ ಪಕ್ಕದಲ್ಲಿ “ನಾಗಪೂರ” ಎಂದು ಕಾಣಿಸಿದ.

ಮೊನ್ನೆ ದಸರೆಯ ದಿನ ಬನ್ನಿ ಕೊಟ್ಟು ಕಾಲಿಗೆರಗಿದಾಗ ತೀರ್ಥರೂಪರು ಕೇಳಿದರು: “ಹೊಳಿಯಾಚಿ ಆ ಊರಿಗೆ ಬದಾಮ್ಯಾಗಿಂದ ಬಸ್ಸು ಐತೇನು?”