ಬಚ್ಚಿಟ್ಟ ಬಿಲ್ಲು

ಕತ್ತಿಗೆ ಒರೆಯುಂಟು, ಬಾಕುವಿಗೆ ನಡುಕಟ್ಟಿನ ಮಡಿಕೆಯುಂಟು, ಕವಣೆಯನ್ನಂತೂ ಮುಷ್ಟಿಯೊಳಗೇ ಹುದುಗಿಸಬಹುದು. ಬಿಲ್ಲೊಂದಕ್ಕೆ ಮಾತ್ರ ಮರೆಯೆಂಬುದಿಲ್ಲ. ಆಳೆತ್ತರದ ಬಿದಿರ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಯಲಿನಲ್ಲಿ ನಡೆಯುವವನು ಅರ್ಧ ಹರದಾರಿಯಾಚೆಯಿಂದಲೇ ಕಣ್ಣಿಗೆ ಬೀಳುತ್ತಾನೆ. ಅವನು ಯಾರು, ಯಾವ ಕಾರ್ಯಕ್ಕೆ ಹೊರಟವನು ಎಂಬುದೂ ಕಂಡವರಿಗೆ ಅರ್ಥವಾಗಿಬಿಡುತ್ತದೆ. ಈ ತೊಡಕಿನಿಂದ ಪಾರಾಗಲು, ಬಿಲ್ಲನ್ನು ಗಿಡ್ಡದಾಗಿಸಲು, ಮಡಿಸಲು, ಮರೆಸಲು ಮನುಷ್ಯ ಹೂಡಿದ ಉಪಾಯಗಳ ಕಥೆಯೊಂದಿದೆ. ಯುದ್ಧಗಳ ಇತಿಹಾಸದಲ್ಲಿ ಅದಕ್ಕೆ ಒಂದು ಅಡಿಟಿಪ್ಪಣಿಯ ಸ್ಥಾನವೂ ಸಿಗುವುದು ಅಪರೂಪ.

ಆ ಕಥೆಯನ್ನು ಹೇಳಲು ತುಂಗಭದ್ರೆಯ ಬಲದಂಡೆಯ ಸೀಮೆಗಿಂತ ತಕ್ಕ ನೆಲ ಬೇರೊಂದಿರಲಾರದು. ತೋರಣಗಲ್ಲಿನ ಮಗ್ಗುಲಿನ ಕುರೆಕುಪ್ಪ ಇಂದು ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು. ಆದರೆ ಅದರ ನೈಋತ್ಯಕ್ಕೆ ಸಂಡೂರಿನ ಕೆಂಪು ಬೆಟ್ಟಸಾಲು, ವಾಯವ್ಯಕ್ಕೆ ದರೋಜಿಯ ಕುರುಚಲು ಕಾಡು, ಅದರಾಚೆ ಕಮಲಾಪುರ, ಹಂಪೆ. ಬಡಗಣಕ್ಕೆ ನಡೆದರೆ ಕಂಪ್ಲಿ. ಮುಳ್ಳುಪೊದೆಗಳ ನಡುವೆ, ಬಂಡೆಗಳ ಇಕ್ಕಟ್ಟಿನಲ್ಲಿ ಕಾಲುದಾರಿ ಹಿಡಿದು ಬೆಟ್ಟ ಏರಿದವರಿಗೆ ಗೊತ್ತು: ಕೈಯಲ್ಲಿರುವ ಉದ್ದನೆಯ ಯಾವ ವಸ್ತುವೂ ಹೆಜ್ಜೆಹೆಜ್ಜೆಗೆ ಜಗಳ ತೆಗೆಯುತ್ತದೆ. ಪೊದೆಗೆ ಸಿಕ್ಕಿಕೊಳ್ಳುತ್ತದೆ, ಕಲ್ಲಿಗೆ ತಾಕಿ ಸದ್ದು ಮಾಡುತ್ತದೆ. ಸದ್ದಾದರೆ ಬೇಟೆ ಮುಗಿದಂತೆ.

ನಮ್ಮ ಎರಡು ಮಹಾಕಾವ್ಯಗಳೂ ಈ ತೊಡಕನ್ನು ಬಲ್ಲವು. ರಾಮಾಯಣದ ಕಿಷ್ಕಿಂಧೆ ಹಂಪೆ, ಆನೆಗೊಂದಿಗಳ ಸುತ್ತಣ ಈ ಕಲ್ಲುಬೆಟ್ಟಗಳೇ ಎಂಬುದು ಇಲ್ಲಿಯವರ ನಂಬಿಕೆ. ಅಲ್ಲಿ ರಾಮ ವಾಲಿಯನ್ನು ಕೊಂದದ್ದು ಮರದ ಮರೆಯಲ್ಲಿ ನಿಂತು. ಧರ್ಮಾಧರ್ಮದ ಪ್ರಶ್ನೆಯನ್ನು ವಾಲಿಯೇ ಕೇಳಿದ್ದಾನೆ. ಅದನ್ನು ಇಲ್ಲಿ ಮತ್ತೆ ಎತ್ತಬೇಕಾದ್ದಿಲ್ಲ. ನಮ್ಮ ಗಮನಕ್ಕೆ ಬರಬೇಕಾದ್ದು ಇಷ್ಟೇ: ಬಿಲ್ಲನ್ನು ಅಡಗಿಸಲು ಬಾರದ್ದರಿಂದ ಬಿಲ್ಲುಗಾರನೇ ಅಡಗಬೇಕಾಯಿತು. ಬೇಟೆಗಾರನ ಅತಿ ಹಳೆಯ ಉಪಾಯ ಇದು. ಮಹಾಭಾರತದಲ್ಲಿ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ವಿರಾಟನಗರಿಯಲ್ಲಿ ಅಜ್ಞಾತವಾಸಕ್ಕೆ ಹೊರಟ ಪಾಂಡವರು ಮೈಯ ವೇಷವನ್ನು ಬದಲಿಸಿಕೊಳ್ಳಬಲ್ಲರು. ಭೀಮ ಅಡುಗೆಯವನಾದ, ಅರ್ಜುನ ಬೃಹನ್ನಳೆಯಾದ. ಆದರೆ ಗಾಂಡೀವಕ್ಕೆ ಯಾವ ವೇಷ ಹಾಕುವುದು? ಕೊನೆಗೆ ಆಯುಧಗಳನ್ನೆಲ್ಲ ಬನ್ನಿಯ ಮರದ ಮೇಲೆ ಕಟ್ಟಿ, ಯಾರೂ ಹತ್ತಿರ ಸುಳಿಯದಂತೆ ಜೊತೆಗೊಂದು ಹೆಣವನ್ನೂ ತೂಗುಹಾಕಿ ಹೋದರು. ವಿಜಯದಶಮಿಯಂದು ಬನ್ನಿ ಹಂಚುತ್ತ ಬಂಗಾರದಂತೆ ಇರೋಣವೆಂದು ಹೇಳುವ ನಾವು, ಆ ಎಲೆಯ ಹಿಂದೆ ಬಚ್ಚಿಡಲಾಗದ ಬಿಲ್ಲಿನ ಪೇಚಾಟವಿದೆಯೆಂಬುದನ್ನು ನೆನೆಯುವುದಿಲ್ಲ.

ಬಿಲ್ಲು ಉದ್ದವಾಗಿರಬೇಕಾದ್ದಾದರೂ ಏಕೆ? ಉತ್ತರ ಬಿದಿರಿನ ಗುಣದಲ್ಲಿದೆ. ಬಾಣವನ್ನು ಕೆನ್ನೆಯವರೆಗೆ ಸೆಳೆದಾಗ ಹೆದೆ ಸುಮಾರು ೨೮ ಅಂಗುಲ ಹಿಂದಕ್ಕೆ ಬರುತ್ತದೆ. ಅಷ್ಟು ಸೆಳೆತಕ್ಕೆ ಗಿಡ್ಡ ದಬ್ಬೆ ಬಾಗುವುದಿಲ್ಲ, ಮುರಿಯುತ್ತದೆ. ಬಾಗುವ ಭಾರವನ್ನು ಉದ್ದಕ್ಕೂ ಹಂಚಿದರೆ ಮಾತ್ರ ಮರ ತಡೆದುಕೊಂಡೀತು. ಆದ್ದರಿಂದಲೇ ಒಂದೇ ಮರದ ಅಥವಾ ಬಿದಿರಿನ ಬಿಲ್ಲು ಐದಾರು ಅಡಿಗೆ ಬಂದು ನಿಲ್ಲುತ್ತದೆ. ಅಲೆಕ್ಸಾಂಡರನ ನೌಕಾಧಿಪತಿಯಾಗಿದ್ದ ನಿಯಾರ್ಕಸ್ ಕಂಡ ಭಾರತದ ಕಾಲಾಳುಗಳ ಬಿಲ್ಲು ಆಳೆತ್ತರದ್ದು. ಅದನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಬಾಣ ಬಿಡುತ್ತಿದ್ದರು. ಅರಿಯನ್ ಎಂಬ ಇತಿಹಾಸಕಾರನ ಗ್ರಂಥದಲ್ಲಿ ಈ ವಿವರ ಉಳಿದುಬಂದಿದೆ. ನಿಂತು ಕಾದುವವನಿಗೆ ಅದು ಸರಿ. ನಡೆಯುವವನಿಗೆ ಹೊರೆ, ಕುದುರೆಯೇರಿದವನಿಗೆ ನಿರುಪಯೋಗ.

ಇದಕ್ಕೆ ಪರಿಹಾರ ದೊರೆತದ್ದು ಕೊಂಬಿನಲ್ಲಿ. ನಡುವೆ ತೆಳುವಾದ ಮರ, ಬಿಲ್ಲುಗಾರನ ಕಡೆಗೆ ಮುಖಮಾಡಿದ ಮಗ್ಗುಲಿಗೆ ಸೀಳಿದ ಕೊಂಬು, ಹೊರಮಗ್ಗುಲಿಗೆ ಪ್ರಾಣಿಗಳ ನರದ ಎಳೆ. ಮೂರನ್ನೂ ಬೆಸೆಯುವ ಅಂಟು. ಕೊಂಬು ಒತ್ತಡವನ್ನು ತಾಳುತ್ತದೆ, ನರ ಎಳೆತವನ್ನು ತಾಳುತ್ತದೆ. ಹೀಗೆ ಕೆಲಸವನ್ನು ಹಂಚಿಕೊಂಡದ್ದರಿಂದ ನಾಲ್ಕು ಅಡಿಯ ಬಿಲ್ಲು ಆರು ಅಡಿಯ ಬಿದಿರಿಗಿಂತ ಮಿಗಿಲಾದ ಬಿರುಸನ್ನು ತೋರಬಲ್ಲದಾಯಿತು. ಕೌಟಿಲ್ಯನ ಅರ್ಥಶಾಸ್ತ್ರ ತಾಳೆಯ ಮರ, ಬಿದಿರು, ಇತರ ಮರಗಳ ಜೊತೆಗೆ ಕೊಂಬನ್ನೂ ಬಿಲ್ಲಿನ ಸಾಮಗ್ರಿಯಾಗಿ ಎಣಿಸುತ್ತದೆ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು. ಶೃಂಗದಿಂದ, ಎಂದರೆ ಕೊಂಬಿನಿಂದ ಆದದ್ದು ಶಾರ್ಙ್ಗ. ಶಾರ್ಙ್ಗಧರನೆಂದು ದಿನವೂ ಸ್ತುತಿಸುವವರ ಬಾಯಲ್ಲಿ ಒಂದು ತಾಂತ್ರಿಕ ಸಂಗತಿ ಅವರಿಗೆ ಅರಿವಿಲ್ಲದೆಯೇ ಬದುಕಿಕೊಂಡಿದೆ.

ಕೊಂಬಿನ ಬಿಲ್ಲಿಗೆ ಇನ್ನೊಂದು ವಿಲಕ್ಷಣ ಗುಣವುಂಟು. ಹೆದೆ ಕಳಚಿದೊಡನೆ ಅದು ನೆಟ್ಟಗಾಗಿ ಸುಮ್ಮನಿರುವುದಿಲ್ಲ. ಹಿಮ್ಮುಖವಾಗಿ ಬಾಗಿ ಸುರುಳಿಗೊಳ್ಳುತ್ತದೆ. ಕೆಲವು ಬಿಲ್ಲುಗಳ ಎರಡು ತುದಿಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬರುತ್ತವೆ. ಆಗ ಅದು ಚೀಲದೊಳಗೆ ಅಡಗುವ ವಸ್ತು. ಆದರೆ ಅದನ್ನು ಮತ್ತೆ ಎದುರು ದಿಕ್ಕಿಗೆ ಬಾಗಿಸಿ ಹೆದೆಯೇರಿಸುವುದು ಸಾಮಾನ್ಯರ ಕೆಲಸವಲ್ಲ. ಬೆಂಕಿಯ ಹದವಾದ ಕಾವು ಬೇಕು, ಕಾಲು ಮಂಡಿಗಳ ಬಲ ಬೇಕು, ಒಮ್ಮೊಮ್ಮೆ ಇನ್ನೊಬ್ಬನ ನೆರವೂ ಬೇಕು. ತಪ್ಪಿದರೆ ಬಿಲ್ಲು ತಿರುಚಿ ಹಾಳಾಗುತ್ತದೆ. ಸೀತಾಸ್ವಯಂವರದಲ್ಲಿ ಪಣವಾಗಿ ಒಡ್ಡಿದ್ದು ಗುರಿಯನ್ನಲ್ಲ, ಹೆದೆಯೇರಿಸುವುದನ್ನು ಎಂಬುದು ಬಿಲ್ಲನ್ನು ಬಲ್ಲವರಿಗೆ ವಿಚಿತ್ರವೆನಿಸದು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನ ಚಿತ್ರವಿದೆ. ನೋಡುವವರ ಕಣ್ಣೆಲ್ಲ ಮೀನಿನ ಮೇಲೆ. ಅದಕ್ಕೆ ಮುಂಚಿನ ಹೆಣಗಾಟವನ್ನು ಯಾರೂ ಚಿತ್ರಿಸುವುದಿಲ್ಲ.

ಈ ಗಿಡ್ಡ ಬಿಲ್ಲು ವಿಜಯನಗರದ ರಾಜಕಾರಣದೊಳಗೆ ಪ್ರವೇಶಿಸಿದ ಪ್ರಸಂಗ ಫಿರಿಸ್ತಾನ ಗ್ರಂಥದಲ್ಲಿದೆ. ಅವನು ಬಿಜಾಪುರದ ಆಸ್ಥಾನದಲ್ಲಿದ್ದು, ಘಟನೆ ನಡೆದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದವನು. ಅವನ ಅಂಕಿಗಳನ್ನು ಅಷ್ಟಕ್ಕಷ್ಟೇ ನಂಬಬೇಕು. ೧೪೨೪ರಿಂದ ೧೪೪೬ರವರೆಗೆ ಆಳಿದ ಇಮ್ಮಡಿ ದೇವರಾಯ ಸಭೆ ಕರೆದು ಒಂದು ನೇರವಾದ ಪ್ರಶ್ನೆ ಕೇಳಿದನಂತೆ: ನಮ್ಮ ನಾಡು ದೊಡ್ಡದು, ಜನ ಹೆಚ್ಚು, ಆದಾಯವೂ ಹೆಚ್ಚು; ಹೀಗಿದ್ದೂ ಬಹಮನಿಯವರು ಗೆಲ್ಲುವುದು ಹೇಗೆ? ಕೆಲವರು ಅದು ದೈವಸಂಕಲ್ಪವೆಂದರು. ಉಳಿದವರು ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ಬಲಿಷ್ಠ, ಅವರಲ್ಲಿ ನುರಿತ ಬಿಲ್ಲುಗಾರರ ದೊಡ್ಡ ಪಡೆ ಯಾವಾಗಲೂ ಸಿದ್ಧವಾಗಿರುತ್ತದೆ. ರಾಜ ಎರಡನೆಯ ಉತ್ತರವನ್ನು ಹಿಡಿದ. ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಜಹಗೀರು ಕೊಟ್ಟು, ತನ್ನವರಿಗೆ ಬಿಲ್ವಿದ್ಯೆ ಕಲಿಸಲು ನೇಮಿಸಿದ. ೨,೦೦೦ ಮುಸಲ್ಮಾನರೂ ೬೦,೦೦೦ ಹಿಂದೂಗಳೂ ಬಿಲ್ಲಿನಲ್ಲಿ ಪಳಗಿದರೆಂದು ಫಿರಿಸ್ತಾ ಬರೆಯುತ್ತಾನೆ. ಸಂಖ್ಯೆ ಹೇಗಾದರೂ ಇರಲಿ, ಸಂಗತಿಗೆ ಕಲ್ಲಿನ ಸಾಕ್ಷಿಯೂ ಇದೆ: ದೇವರಾಯನ ಅಧಿಕಾರಿ ಅಹಮದ್ ಖಾನ್ ೧೪೩೯ರಲ್ಲಿ ಕಟ್ಟಿಸಿದ ಮಸೀದಿ ಹಂಪೆಯಲ್ಲಿ ಇಂದಿಗೂ ನಿಂತಿದೆ. ಅದರ ಶಾಸನ ಕನ್ನಡದಲ್ಲಿದ್ದು ಅದನ್ನು ಧರ್ಮಸಾಲೆಯೆಂದು ಕರೆಯುತ್ತದೆ.

ತನ್ನ ಸೇನೆಯ ಕೊರತೆಯನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಂಡು, ಅದನ್ನು ಎದುರಾಳಿಯ ಕಡೆಯವರಿಂದಲೇ ಕಲಿಯಲು ಹೊರಟ ಈ ಅರಸನ ಬಗ್ಗೆ ನನಗೆ, ಗೆದ್ದ ಅರಸರ ಮೇಲಿರುವುದಕ್ಕಿಂತ ಹೆಚ್ಚಿನ ಗೌರವ. ಕುದುರೆಯ ಮೇಲೆ ಕುಳಿತು ಎಡಬಲಕ್ಕೆ ತಿರುಗಿ ಬಾಣ ಬಿಡಬೇಕಾದರೆ ಗಿಡ್ಡ ಬಿಲ್ಲೇ ಬೇಕು. ಕುದುರೆ, ಬಿಲ್ಲು ಎಂಬ ಆ ಎರಡು ಕಾರಣಗಳು ನಿಜವಾಗಿ ಒಂದೇ ಕಾರಣದ ಎರಡು ತುದಿಗಳು.

ಮುಂದೆ ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಮಹಾನವಮಿಯ ಸೇನಾಪ್ರದರ್ಶನವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಯಸ್ ಚಿನ್ನ ಬೆಳ್ಳಿಯ ತಗಡು ಹೊದೆಸಿದ ಬಿಲ್ಲುಗಳನ್ನು ಬಣ್ಣಿಸುತ್ತಾನೆ. ಅವು ಬಚ್ಚಿಡುವ ಬಿಲ್ಲುಗಳಲ್ಲ, ಮೆರೆಸುವ ಬಿಲ್ಲುಗಳು. ಬೇಟೆಯ ಬಿಲ್ಲನ್ನು ನೋಡಬೇಕಾದರೆ ಮಹಾನವಮಿ ದಿಬ್ಬದ ಬದಿಯ ಉಬ್ಬುಶಿಲ್ಪಗಳಿಗೇ ಹೋಗಬೇಕು. ಅಲ್ಲಿ ಜಿಂಕೆಗಳುಂಟು, ಹಿಂಬಾಲಿಸುವ ಬೇಟೆಗಾರರುಂಟು. ಹಬ್ಬದ ದಿನ ಅರಸ ಮೇಲೆ ಕುಳಿತಿರುತ್ತಿದ್ದ. ಬೇಡರು ಅವನ ಕಾಲ ಕೆಳಗಿನ ಕಲ್ಲಿನಲ್ಲಿ.

ಕೊಂಬಿನ ಬಿಲ್ಲಿಗೆ ನಮ್ಮ ಮಳೆಗಾಲ ಶತ್ರು. ಅಂಟು ತೇವ ಹೀರುತ್ತದೆ, ಪದರಗಳು ಬಿಟ್ಟುಕೊಳ್ಳುತ್ತವೆ. ರಾಮನೂ ಮಾಲ್ಯವಂತದಲ್ಲಿ ನಾಲ್ಕು ತಿಂಗಳು ಮಳೆ ಕಳೆಯಲೆಂದು ಕಾದು ಕುಳಿತವನೇ. ಈ ತೊಂದರೆಯಿಂದ ಹುಟ್ಟಿದ್ದು ಭಾರತದ ಉಕ್ಕಿನ ಬಿಲ್ಲು. ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗಿನ ಇಂಥ ಬಿಲ್ಲುಗಳು ಇಂಗ್ಲೆಂಡ್, ಅಮೆರಿಕಗಳ ಸಂಗ್ರಹಾಲಯಗಳನ್ನು ಸೇರಿವೆ. ಕೊಂಬಿನ ಬಿಲ್ಲಿನ ಬಳುಕನ್ನೇ ಉಕ್ಕಿನಲ್ಲಿ ಅನುಕರಿಸಿ, ಮೇಲೆ ಚಿನ್ನದ ಎಳೆಯ ಕುಸುರಿ ಮಾಡಿದವು ಅನೇಕ. ಅವುಗಳಲ್ಲಿ ಕೆಲವನ್ನು ಹಿಡಿಯ ನಡುವೆ ತಿರುಪು ಕೊಟ್ಟು ಎರಡು ತುಂಡು ಮಾಡಬಹುದು. ಹೆದೆ ಕಳಚಿ, ತಿರುಪು ಬಿಚ್ಚಿ, ಎರಡು ತೋಳುಗಳನ್ನು ಜೋಡಿಸಿ ಕಟ್ಟಿದರೆ ಎರಡು ಅಡಿ ಮಿಕ್ಕದ ಒಂದು ಕಟ್ಟು. ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರೆ ಯಾರ ಅನುಮಾನವೂ ಇಲ್ಲ. ಇಂದು ಕ್ರೀಡಾಪಟುಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು ಒಯ್ಯುವ ಬಿಲ್ಲಿಗೆ ಇದು ಹಿರಿಯಣ್ಣ. ನಿಜ, ಉಕ್ಕಿನ ತೋಳು ಭಾರ. ಬಿಟ್ಟಾಗ ತನ್ನನ್ನು ತಾನೇ ಎಳೆದುಕೊಳ್ಳುವುದರಲ್ಲಿ ಬಲದ ಒಂದು ಪಾಲು ವ್ಯಯವಾಗುತ್ತದೆ. ಕೊಂಬಿನಷ್ಟು ದೂರ ಬಾಣ ಹೋಗದು. ಆದರೆ ವರ್ಷಗಟ್ಟಲೆ ಆಯುಧಶಾಲೆಯಲ್ಲಿ ಬಿದ್ದಿದ್ದರೂ, ಮಳೆಯಲ್ಲಿ ನೆನೆದರೂ ಕೈಕೊಡದು.

ಉಕ್ಕಿನ ಬಿಲ್ಲು ಶ್ರೀಮಂತರ ಸೊತ್ತು. ಸಂಡೂರಿನ ಬೆಟ್ಟದಲ್ಲಿ ಅದಿರಿಗೆ ಬರವಿಲ್ಲ, ಕಮಲಾಪುರದ ಕಮ್ಮಾರರು ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳಿಗೆ ಹೆಸರಾದವರು. ಆದರೂ ಬೆಟ್ಟದ ಬೇಡನ ಕೈಯ ಬಿಲ್ಲು ಬಿದಿರಿನದೇ. ಅದನ್ನು ಅಡಗಿಸುವ ದಾರಿ ಅವನಿಗೆ ಇರಲಿಲ್ಲವೇ? ಇತ್ತು, ಮತ್ತು ಅದು ಎಲ್ಲ ಉಪಾಯಗಳಿಗಿಂತ ಸರಳ. ಹೆದೆ ಬಿಚ್ಚಿದರೆ ಬಿದಿರ ಬಿಲ್ಲು ಹೆಚ್ಚುಕಡಿಮೆ ನೇರವಾದ ಒಂದು ಕೋಲು. ಹೆದೆಯನ್ನು ನಡುವಿಗೆ ಸುತ್ತಿಕೊಂಡರೆ ಉಡಿದಾರ. ಆ ಕೋಲನ್ನೂರಿ ಬೆಟ್ಟ ಹತ್ತುವವನು ದಾರಿಹೋಕ ಮಾತ್ರ. ಚೀಲ ಬೇಡ, ತಿರುಪು ಬೇಡ. ಗಿಡ್ಡದಾಗದೆಯೇ ಬಿಲ್ಲು ಮಾಯವಾಯಿತು. ಉದ್ದವೆಂಬ ದೋಷವೇ ಇಲ್ಲಿ ಉಪಯೋಗಕ್ಕೆ ಬಂತು.

ಅಡಗಿಸುವ ಅಗತ್ಯ ಮೃಗಗಳಿಂದಲೇ ಬರಬೇಕೆಂದಿಲ್ಲವಷ್ಟೆ. ೧೮೫೭ರಲ್ಲಿ ಕಂಪನಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು, ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಾರದೆಂದು ಕಟ್ಟಳೆ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಅಲ್ಲಿ ಕೇಳಿದ್ದು ಬಿಲ್ಲೊಂದನ್ನೇ ಅಲ್ಲ, ಕತ್ತಿ ಕೋವಿಗಳನ್ನೆಲ್ಲ. ಆದರೆ ಬೇಡನಿಂದ ಹತಾರ ಕಸಿದುಕೊಂಡರೆ ಅವನ ಕಸುಬು, ಕಾವಲಿನ ಹಕ್ಕು, ಜನರ ನಡುವಿನ ಸ್ಥಾನ ಎಲ್ಲವೂ ಹೋಗುತ್ತಿತ್ತು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ೧೯ ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಅವರನ್ನು ಕುರಿತ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವನು ಅದೇ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟ್ ಎಂಬುದು ಇತಿಹಾಸದ ಒಂದು ವಕ್ರತೆ.

೧೮೭೮ರ ಆಯುಧ ಕಾಯ್ದೆ ಯಾವ ಸಂದೇಹಕ್ಕೂ ಎಡೆಗೊಡಲಿಲ್ಲ. ಫಿರಂಗಿ, ಬಂದೂಕು, ಕತ್ತಿ, ಭರ್ಜಿಗಳ ಜೊತೆಗೆ ಬಿಲ್ಲು ಬಾಣಗಳನ್ನೂ ಹೆಸರಿಸಿಯೇ ಆಯುಧವೆಂದಿತು. ಬಳ್ಳಾರಿ ಜಿಲ್ಲೆ ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕಾಯ್ದೆ ಅಲ್ಲಿಗೂ ಅನ್ವಯಿಸಿತು. ಫಿರಂಗಿಯನ್ನು ಎರಕ ಹೊಯ್ಯುವ ಸಾಮ್ರಾಜ್ಯ ಬಿದಿರ ದಬ್ಬೆಯನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಂಡದ್ದನ್ನು ಬೇಡರ ಬಿಲ್ಲಿಗೆ ಸಂದ ಪ್ರಶಸ್ತಿಯೆಂದೇ ತಿಳಿಯಬಹುದು. ಸ್ವತಂತ್ರ ಭಾರತದ ೧೯೫೯ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಲ್ಲಿನ ಹೆಸರು ಬಿಟ್ಟುಹೋಗಿದೆ. ಲಾಠಿ, ಸಾಮಾನ್ಯ ಊರುಗೋಲು ಮುಂತಾದ ಮನೆಬಳಕೆಯ ವಸ್ತುಗಳಿಗೆ ಅದು ವಿನಾಯಿತಿಯನ್ನೂ ಕೊಟ್ಟಿದೆ. ಹೆದೆ ಬಿಚ್ಚಿದ ಬಿದಿರು ಯಾವ ಕಡೆಗೆ ಸೇರುತ್ತದೆಂಬುದನ್ನು ವಕೀಲರು ಹೇಳಲಿ.

ಬಿಲ್ಲಿನ ಹೆಸರನ್ನು ಹೊತ್ತು ಜೇಬಿನಲ್ಲಿ ಅಡಗುವ ವಸ್ತುವೊಂದನ್ನು ಮರೆಯುವಂತಿಲ್ಲ. ಕವಲುಕೋಲಿಗೆ ರಬ್ಬರ್ ಪಟ್ಟಿ ಬಿಗಿದು ಹುಡುಗರು ಮಾವಿನಕಾಯಿಗೆ ಗುರಿಯಿಡುವ ಚಾಟರಬಿಲ್ಲು ಅದು. ಹೆದೆ ಇಲ್ಲ, ಬಾಣ ಇಲ್ಲ, ಬಾಗುವುದು ಮರವೂ ಅಲ್ಲ. ಆದರೂ ನಮ್ಮ ನುಡಿ ಅದನ್ನು ಬಿಲ್ಲೆಂದೇ ಕರೆಯಿತು.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಬೆಟ್ಟಗಳಲ್ಲಿ ಬಿಲ್ಲಿಗೆ ಕೆಲಸವಿಲ್ಲ, ಅದು ಉದ್ದವಿರಲಿ ಗಿಡ್ಡವಿರಲಿ. ೧೯೯೪ರಲ್ಲಿ ದರೋಜಿಯ ಕಾಡು ಕರಡಿಧಾಮವಾಯಿತು. ಈಗ ಸಂಜೆ ಅಲ್ಲಿಗೆ ಹೋಗುವವರು ಗೋಪುರದ ಮೇಲೆ ಸದ್ದಿಲ್ಲದೆ ಕುಳಿತು, ಬಂಡೆಗಳ ಸಂದಿಯಿಂದ ಕರಡಿ ಇಳಿದು ಬರುವುದನ್ನು ಕಾಯುತ್ತಾರೆ. ಮರೆಯಲ್ಲಿ ಕೂರುವ ಬೇಡರ ಪದ್ಧತಿಯೇ ಅದು. ಕೈಯಲ್ಲಿ ಮಾತ್ರ ದುರ್ಬೀನು.