ಉಮರಗಾ, ನಿಲಂಗಾ, ಉದಗೀರ: 1948ರ ಡಿಸೆಂಬರ್ ಮತ್ತು 18ನೇ ವಿಧಿ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆಯಿಂದ ಗಡಿ ದಾಟಿದರೆ ಸಿಗುವ ಊರುಗಳು ಉಮರಗಾ, ನಿಲಂಗಾ, ಉದಗೀರ. ಈಗ ಮಹಾರಾಷ್ಟ್ರಕ್ಕೆ ಸೇರಿವೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಿಲಂಗಾ ಮತ್ತು ಉದಗೀರ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಉಮರಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಮೂರೂ ನಿಝಾಮರ ಹೈದರಾಬಾದ್ ಸಂಸ್ಥಾನದ ಪ್ರದೇಶ.

ನಿಝಾಮರ ಸರಕಾರ 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರ ಕಡೆಯಿಂದ ನಲ್‌ದುರ್ಗ, ಉಮರಗಾ ದಾರಿಯಾಗಿ ಒಳಬಂತು. ಸೆಪ್ಟೆಂಬರ್ 16ರಂದು ಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿತು, ಮರುದಿನವೇ ಹೈದರಾಬಾದ್ ಶರಣಾಯಿತು. ನಿಝಾಮರು ದೂರು ಹಿಂದೆಗೆದುಕೊಂಡರು. ಆ ದೂರು ಸಂಸ್ಥಾನದ ಸ್ಥಾನಮಾನದ ಕುರಿತು ಇತ್ತು. ಹಳ್ಳಿಯ ನೇಕಾರನಿಗೋ ವ್ಯಾಪಾರಿಗೋ ಅಲ್ಲಿ ಮಾತಾಡಲು ಜಾಗವೇ ಇರಲಿಲ್ಲ.

ಅದಕ್ಕೂ ಮೊದಲು ರಝಾಕಾರರು ಹಿಂದೂ ಹಳ್ಳಿಗಳಲ್ಲಿ ನಡೆಸಿದ ಲೂಟಿ, ಕೊಲೆಗಳನ್ನು ಮರೆಮಾಚಬೇಕಾಗಿಲ್ಲ. ಆದರೆ ಅದರ ಸೇಡು ಬಿದ್ದದ್ದು ರಝಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ. ನೆಹರೂ ಸರಕಾರ ಕಳುಹಿಸಿದ ಪಂಡಿತ್ ಸುಂದರಲಾಲ್, ಖಾಝಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿಯವರ ತಂಡ ನವೆಂಬರ್ ಕೊನೆಯಿಂದ ಡಿಸೆಂಬರ್ 21ರ ತನಕ ಸಂಸ್ಥಾನದಲ್ಲಿ ಸುತ್ತಾಡಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದು, ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ 18,000ಕ್ಕೆ ಕಡಿಮೆಯಿಲ್ಲ ಅಂತ ಅವರ ಅಂದಾಜು. ನಿಲಂಗಾಕ್ಕೆ ಹತ್ತಿರದ ಲಾತೂರಿನಲ್ಲಿ ಕೊಲೆಗಳು ಇಪ್ಪತ್ತು ದಿನಕ್ಕೂ ಹೆಚ್ಚು ನಡೆದವು. ಮಸೀದಿಗಳ ಅಪವಿತ್ರೀಕರಣ, ಬಲವಂತದ ಮತಾಂತರ, ಜಮೀನು ಕಬಳಿಕೆಯನ್ನೂ ವರದಿ ದಾಖಲಿಸಿದೆ. ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ಪ್ರಾಣ ಕಳಕೊಂಡ ಹಿಂದೂ ನೇಕಾರರ ಪ್ರಸ್ತಾಪವೂ ಅದರಲ್ಲಿದೆ. ಈ ಭಾಗವನ್ನು ನಮ್ಮವರೂ ಹೇಳೋದು ಕಡಿಮೆ.

ಆ ತಂಡ ಇನ್ನೂ ಪ್ರವಾಸದಲ್ಲಿದ್ದಾಗಲೇ, ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾಯಿತು. 48 ದೇಶಗಳು ಪರ, ಭಾರತವೂ ಸೇರಿ. 8 ದೇಶಗಳು ತಟಸ್ಥ. ಅದರ 18ನೇ ವಿಧಿ ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆ ಬದಲಾಯಿಸುವ ಹಕ್ಕನ್ನೂ ಕೊಡುತ್ತದೆ. ಸೌದಿ ಅರೇಬಿಯ ಈ ಮಾತನ್ನು ಒಪ್ಪಲಿಲ್ಲ, ಪಾಕಿಸ್ತಾನದ ಝಫರುಲ್ಲಾ ಖಾನ್ ಬೆಂಬಲಿಸಿದರು. ಇದು ಧರ್ಮ ಬಿಡುವವರಿಗೆ ಮಾತ್ರ ಬೇಕಾದ ಹಕ್ಕು ಅಂತ ಕೆಲವರು ಈಗಲೂ ತಿಳಿದಿದ್ದಾರೆ. ಕತ್ತಿಯ ಎದುರು ಹೆಸರು ಬದಲಿಸಿಕೊಂಡ ಮರಾಠವಾಡದ ಮನುಷ್ಯ ತನ್ನ ದೀನಿಗೆ ಮರಳಬೇಕಾದರೆ ಬೇಕಾದದ್ದೂ ಇದೇ ಹಕ್ಕು.

ಸುಂದರಲಾಲ್ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದಶಕಗಳ ನಂತರ ಎ.ಜಿ. ನೂರಾನಿಯವರ 2013ರ ಪುಸ್ತಕದಿಂದ ಹೆಚ್ಚಿನವರಿಗೆ ಅದರ ಪೂರ್ತಿ ಪರಿಚಯವಾಯಿತು.

ಹಾಗಾದರೆ ಇಂದು ಅಂತಹ ಊರಿನ ಒಬ್ಬನಿಗೆ ಯಾವ ದಾರಿ ಇದೆ? ಘೋಷಣೆಗೆ ಕಾನೂನಿನ ಬಲ ಇರಲಿಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಆ ಬಲ ಇದೆ, ಭಾರತ 1979ರಲ್ಲಿ ಅದನ್ನು ಸೇರಿತು. ಧರ್ಮದ ವಿಷಯದಲ್ಲಿ ಬಲವಂತ ಕೂಡದು ಅಂತ ಅದರ 18ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ವ್ಯಕ್ತಿಗಳೇ ನೇರ ದೂರು ಕೊಡಲು ಅವಕಾಶ ಮಾಡುವ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸಹಿ ಹಾಕಿಲ್ಲ. ಉಳಿದಿರುವುದು ಸರಕಾರದ ವರದಿಯ ಪರಿಶೀಲನೆ. ಅದು 1997ರ ಬಳಿಕ ನಡೆದದ್ದು 2024ರ ಜುಲೈಯಲ್ಲಿ!

ಧಾರ್ಮಿಕ ಸ್ವಾತಂತ್ರ್ಯದ ವಿಶೇಷ ವರದಿಗಾರರಿಗೆ ಮಾತ್ರ ಯಾರೂ ಪತ್ರ ಬರೆಯಬಹುದು, ಇಲ್ಲಿನ ಕೋರ್ಟುಗಳೆಲ್ಲ ಮುಗಿಯಲಿ ಅಂತ ಕಾಯಬೇಕಿಲ್ಲ. ಅವರು ಸರಕಾರವನ್ನು ವಿವರಣೆ ಕೇಳುತ್ತಾರೆ, ಆದೇಶ ಹೊರಡಿಸಲಾರರು. ಆ ಹುದ್ದೆಯಲ್ಲಿದ್ದ ಅಸ್ಮಾ ಜಹಾಂಗೀರ್ 2008ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಿದ್ದರು.

ನೆಲದ ಮೇಲೆ ಕೆಲಸಕ್ಕೆ ಬರುವುದು ಸಂವಿಧಾನದ 25ನೇ ವಿಧಿ ಮತ್ತು 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ. ಕೋರ್ಟುಗಳು ಜಾರಿ ಮಾಡಬಹುದಾದ ಮಟ್ಟಿಗೆ ಅಂತರ್‌ರಾಷ್ಟ್ರೀಯ ಒಡಂಬಡಿಕೆಯ ಹಕ್ಕುಗಳೂ ಈ ಕಾಯ್ದೆಯ ವ್ಯಾಪ್ತಿಯೊಳಗೆ ಬರುತ್ತವೆ. ಆದರೆ ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಆದ್ದರಿಂದ ಠಾಣೆಗೆ ಕೊಟ್ಟ ದೂರಿನ ಪ್ರತಿ, ಸ್ವೀಕೃತಿಯ ತಾರೀಕು, ಫೋಟೊ, ಸಾಕ್ಷಿಗಳ ಹೆಸರು ಇವನ್ನೆಲ್ಲ ಮೊದಲ ವಾರದಲ್ಲೇ ಒಂದು ಫೈಲಿನಲ್ಲಿ ಸೇರಿಸಿಡಿ, ಒಂದು ಪ್ರತಿ ಜಮಾಅತ್ ಕಚೇರಿಯಲ್ಲೂ ಇರಲಿ.