ಪಾಠದ ಮನೆ, ಊಟದ ಮನೆ: ಮೋಗ್ಲಿಂಗ್ ಮತ್ತು ಅವರ ವಿದ್ಯಾರ್ಥಿ

ಹರ್ಮನ್ ಮೋಗ್ಲಿಂಗ್ ಅಂದ ಕೂಡಲೇ ನಾವು ಕನ್ನಡ ಎಂ.ಎ. ಓದುವವರು ಎರಡು ವಿಷಯ ಹೇಳ್ತೇವೆ: 1843ರ ಜುಲೈ 1ರಂದು ಶುರುವಾದ ‘ಮಂಗಳೂರ ಸಮಾಚಾರ’, ಮತ್ತೆ ಜೈಮಿನಿ ಭಾರತ, ಬಸವ ಪುರಾಣಗಳನ್ನು ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅವರ ದಿನಗಳು ಹೆಚ್ಚಾಗಿ ಕಳೆದದ್ದು ಓದುವ ಹುಡುಗರ ಜೊತೆ. ನಮ್ಮ ಕಡೆಯ ಪ್ರಾಟೆಸ್ಟಂಟರು ಪಾದ್ರಿಯನ್ನು ‘ಸಭಾಪಾಲಕರು’ ಅನ್ನುತ್ತಾರೆ. ಸಭೆಯನ್ನು ಪಾಲಿಸುವುದು ಸರಿ. ಇನ್ನೂ ಯಾವ ಸಭೆಗೂ ಸೇರದ, ನಾಳೆ ಎಲ್ಲಿಗೆ ಹೋಗುತ್ತಾನೋ ತಿಳಿಯದ ಹದಿನೆಂಟರ ಹುಡುಗನನ್ನು ಪಾಲಿಸುವುದು ಹೇಗೆ?

ಮೋಗ್ಲಿಂಗ್ ಇದನ್ನು ಟ್ಯೂಬಿಂಗನ್ನಿನ ‘ಸ್ಟಿಫ್ಟ್’ನಲ್ಲಿ ಕಂಡು ಬಂದವರು. ದೇವಶಾಸ್ತ್ರದ ವಿದ್ಯಾರ್ಥಿಗಳು ಒಂದೇ ಸೂರಿನಡಿ ಉಂಡು, ಮಲಗಿ, ಉಪಾಧ್ಯಾಯರ ಕಣ್ಣಳತೆಯಲ್ಲಿ ಓದುವ ಜಾಗ ಅದು. ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಕೂಡ ಅಲ್ಲಿಯವರೇ. (ಇವರು ಮಂಗಳೂರಲ್ಲಿ, ಅವರು ತಲಶ್ಶೇರಿಯಲ್ಲಿ, ನಡುವೆ ಆಗ ಕೆನರಾ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡು. ನಾವು ಆಗಲೂ ನಡುವೆಯೇ!) 1840ರ ದಶಕದಲ್ಲಿ ಬಾಸೆಲ್ ಮಿಷನ್ ಬಲ್ಮಠದ ಗುಡ್ಡದಲ್ಲಿ ಹುಡುಗರನ್ನು ಇಟ್ಟುಕೊಂಡು ಓದಿಸಿದ್ದೂ ಹೆಚ್ಚುಕಮ್ಮಿ ಇದೇ ಮಾದರಿಯಲ್ಲಿ.

ಮಾದರಿ ಒಂದೇ ಆದರೂ ನೆಲ ಬೇರೆ. ಅಲ್ಲಿ ಮೇಷ್ಟ್ರ ಜೊತೆ ಕೂತು ಉಣ್ಣುವುದು ಶಿಸ್ತು. ಇಲ್ಲಿ ಅದೇ ಊಟ ಮಾಡಿದರೆ ಜಾತಿ ಹೋಯಿತು, ಜಾತಿಯ ಜೊತೆ ಮನೆಯೂ ಹೋಯಿತು. ಹಾಗಾಗಿ ಪಟ್ಟಣದ ಮೇಲ್ಜಾತಿಯ ಮನೆಗಳು ಮಕ್ಕಳನ್ನು ಮಿಷನ್ನಿನ ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದವು, ಸಂಜೆ ವಾಪಸ್ ಕರೆಸಿಕೊಳ್ಳುತ್ತಿದ್ದವು. ತಂದೆಗೆ ಬೇಕಾದದ್ದು ಕಚೇರಿ ಕೆಲಸಕ್ಕೆ ಇಂಗ್ಲಿಷು, ಗುರುವಿಗೆ ಬೇಕಾದದ್ದು ಹುಡುಗನ ಆತ್ಮ. ಇಬ್ಬರಿಗೂ ಇದು ಗೊತ್ತಿತ್ತು ಅಂತ ನನ್ನ ಊಹೆ. ಗೊತ್ತಿದ್ದೂ ನಡೆಯುತ್ತಿತ್ತು.

1844ರ ಜನವರಿಯಲ್ಲಿ ಈ ಒಪ್ಪಂದ ಮುರಿಯಿತು. ಆ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ, ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದ. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಆದ. ಮಂಗಳೂರಿನಲ್ಲಿ ಕೋಲಾಹಲವಾಯಿತು. ಅವನಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಲಕ್ಷ್ಮಿ ಜೊತೆಗೆ ಬರಲಿಲ್ಲ. ಪತ್ರಿಕೆ ಶುರುವಾಗಿ ಆಗ ಆರೇ ತಿಂಗಳು. ಸಾಹಿತ್ಯ ಚರಿತ್ರೆಯಲ್ಲಿ ಪತ್ರಿಕೆಯ ಕಥೆ ಒಂದು ಪುಟದಲ್ಲಿ, ಮತಾಂತರದ ಕಥೆ ಇನ್ಯಾವುದೋ ಪುಸ್ತಕದಲ್ಲಿ ಬರುತ್ತದೆ. ಎರಡೂ ಒಂದೇ ಊರು, ಒಂದೇ ಮನುಷ್ಯ, ಒಂದೇ ಮಳೆಗಾಲದಿಂದ ಚಳಿಗಾಲದೊಳಗೆ ನಡೆದದ್ದು.

ಇಲ್ಲಿ ನನಗೆ ಮೋಗ್ಲಿಂಗ್‌ರನ್ನು ಬೈಯೋದೂ ಕಷ್ಟ, ಹೊಗಳೋದೂ ಕಷ್ಟ. ಮನೆ ಕಳೆದುಕೊಂಡ ಹುಡುಗನನ್ನು ಅವರು ಕೈಬಿಡಲಿಲ್ಲ, ಮಗನ ಹಾಗೆ ನೋಡಿಕೊಂಡರು. 1846ರಲ್ಲಿ ತಮ್ಮ ಜೊತೆ ಯುರೋಪಿಗೆ ಕರೆದೊಯ್ದು ಬಾಸೆಲ್‌ನಲ್ಲಿ ಓದಿಸಿದರು. ಆದರೆ ಹೊಸ ಮನೆ ಕೊಟ್ಟ ಕೈಯೇ ಹಳೆಯ ಮನೆಯ ಬಾಗಿಲು ಮುಚ್ಚಿದ್ದೂ ಹೌದು. ಈ ಕಥೆ ನಮಗೆ ಸಿಕ್ಕಿರುವುದೂ ಹೆಚ್ಚಾಗಿ ಮಿಷನ್ನಿನ ಕಡೆಯಿಂದ. ಮೋಗ್ಲಿಂಗರ ಜೀವನಚರಿತ್ರೆ ಬರೆದವರು ಅದೇ ಗುಂಡರ್ಟ್, 1882ರಲ್ಲಿ. ಗೆಳೆಯ ಬರೆದ ಪುಸ್ತಕದಲ್ಲಿ ಲಕ್ಷ್ಮಿಯ ಕಡೆಯ ನ್ಯಾಯ ಹುಡುಕಬೇಕಾದ್ರೆ ಸಾಲುಗಳ ನಡುವೆ ಓದಬೇಕು.

1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಮಂಗಳೂರಿನ ಸೆಮಿನರಿಯಲ್ಲೇ ಮೇಷ್ಟ್ರಾದರು. ನನ್ನ ಕುತೂಹಲ ಇರುವುದು ಇಲ್ಲಿ. ಮನೆ ಬಿಟ್ಟು ಬಂದ ಹುಡುಗ ರಾತ್ರಿ ಯಾಕೆ ಎಚ್ಚರ ಇರುತ್ತಾನೆ ಅಂತ ಆ ಸೆಮಿನರಿಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರು? ಕೊಡಗಿನ ಆನಂದಪುರದಲ್ಲಿ ಹೊಲೆಯರಿಗಾಗಿ ಕಾಫಿ ತೋಟದ ನೆಲೆ ಕಟ್ಟುವಾಗಲೂ ಗುರುಶಿಷ್ಯರು ಜೊತೆಗಿದ್ದರು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ವಾಪಸಾದರು, ಮತ್ತೆ ಬರಲಿಲ್ಲ. ಶಿಷ್ಯ ಇಲ್ಲೇ ಉಳಿದರು, 1893ರಲ್ಲಿ ತೀರಿಕೊಂಡರು.

ಇಷ್ಟು ನನ್ನ ಮಾತು. ಹಾಸ್ಟೆಲ್‌ಗಳ ಕಡೆಯಿಂದ ಇದನ್ನು ನೋಡಿದವರು ಯಾರಾದ್ರೂ ಇದ್ದರೆ ಮೈಕ್ ಆನ್ ಮಾಡಿ, ಚರ್ಚಿಸೋಣ.